ಮನಸ್ಸಿನ ಮಾತ್ರೆ: ಯಾವುದರ ಜೊತೆ ಯಾವುದು?

ಹಾಲನ್ನು ಒಲೆಯ ಮೇಲಿಟ್ಟು ಮರೆಯದ ಹೆಂಗಸು ಯಾರಿದ್ದಾರೆ ಹೇಳಿ? ನಾನೂ ಎಷ್ಟೋ ಸಲ ಮರೆತಿದ್ದೇನೆ. ಆದರೆ ಹಾಲು ಉಕ್ಕಿ, ಬತ್ತಿ, ಪಾತ್ರೆಯ ತಳ ಕರ್ರಗಾಗಿ, ಸೀದ ಹೊಗೆ ನಡುಮನೆಗೆಲ್ಲ ತುಂಬಿಕೊಂಡರೂ ಅದೇ ಅಡಿಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದವಳಿಗೆ ಎಚ್ಚರವೇ ಆಗಲಿಲ್ಲ ಅಂದರೆ? ಪಕ್ಕದ ಮನೆಯವರು ಹೊಗೆ ನೋಡಿ ಓಡಿಬಂದು, ಗ್ಯಾಸ್ ಆರಿಸಿ, ನನ್ನ ಭುಜ ಹಿಡಿದು ಅಲುಗಿಸಬೇಕಾಯಿತು. ನಾಲ್ಕು ವರ್ಷದ ಹಿಂದಿನ ಮಾತು. ಇವತ್ತಿಗೂ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಆ ಬೆಳಿಗ್ಗೆ ನನ್ನ ಹೊಟ್ಟೆಯಲ್ಲಿ ನಾಲ್ಕು ಬಗೆಯ ಮಾತ್ರೆಗಳಿದ್ದವು. ಮೂರನ್ನು ಕೊಟ್ಟವರು ಮೂರು ಬೇರೆ ಬೇರೆ ಡಾಕ್ಟರು, ಒಂದನ್ನು ಕೊಟ್ಟವನು ಔಷಧಿ ಅಂಗಡಿಯ ಹುಡುಗ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ಹೇಳಿರಲಿಲ್ಲ.

ಯಾಕೆ ಹೇಳಲಿಲ್ಲ ಅಂತ ಕೇಳ್ತೀರಾ? ನಾಚಿಕೆ ಸೋದರಿಯರೇ, ಮತ್ತೇನೂ ಅಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಾವು ಮದುವೆ ಮನೆಯ ಪಂಕ್ತಿಯಲ್ಲೇ ಬಾಯಿಗೆ ಹಾಕಿಕೊಳ್ಳುತ್ತೇವೆ. ಮನಸ್ಸಿನ ಮಾತ್ರೆಯನ್ನು ಮಾತ್ರ ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಡುತ್ತೇವೆ.

ನನ್ನ ಕಥೆ ದೊಡ್ಡದೇನಲ್ಲ. ಅಮ್ಮ ತೀರಿಕೊಂಡ ಮೇಲೆ ನಿದ್ದೆ ಹೋಯಿತು. ಬೆಳಗಿನ ಜಾವ ಮೂರು ಗಂಟೆಗೆ ಎದೆ ಢವಢವ. ಕುಕ್ಕರಿನ ಸೀಟಿ ಕೂಗಿದರೂ ಬೆಚ್ಚುವುದು. ಹಗಲೆಲ್ಲ ಏನೂ ಬೇಡವೆನಿಸುವ ಬೇಸರ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎನ್ನುವಷ್ಟು ಮರೆವು. ಮನೆಯವರು ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ರಾತ್ರಿ ಒಂದು ಮಾತ್ರೆ ಬರೆದರು. ತಿಂಗಳೊಪ್ಪತ್ತಿನಲ್ಲಿ ಸ್ವಲ್ಪ ಗೆಲುವಾದೆ. ತಲೆಶೂಲೆಗೆಂದು ಇನ್ನೊಬ್ಬರ ಹತ್ತಿರ ಹೋದೆ, ಅವರದೊಂದು ಸಣ್ಣ ಮಾತ್ರೆ ಸೇರಿತು. ಆಮೇಲೆ ತಂಗಿಯ ಊರಿಗೆ ಹೋದಾಗ ನಿದ್ದೆ ಬರಲಿಲ್ಲ. ಅಲ್ಲಿಯ ಡಾಕ್ಟರು ಮತ್ತೊಂದು ಕೊಟ್ಟರು. ಊರಿಗೆ ಬಂದ ಮೇಲೆ ನೆಗಡಿ ಆಯಿತೆಂದು ಅಂಗಡಿಯಿಂದ ನೆಗಡಿ ಮಾತ್ರೆ ತರಿಸಿ ನುಂಗಿದೆ. ಅಷ್ಟೇ ನಡೆದದ್ದು.

ಹಾಲು ಸೀದ ದಿನ ಹೆದರಿ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ತಿಪ್ಪೆಗೆ ಎಸೆದೆ. ‘ಇನ್ನು ಸಾಯುವ ತನಕ ಮುಟ್ಟುವುದಿಲ್ಲ’ ಅಂದೆ. ಮೊದಲನೆಯದಕ್ಕಿಂತ ಇದು ದೊಡ್ಡ ತಪ್ಪು. ನಾಲ್ಕನೆಯ ದಿನ ಕೈ ನಡುಗಲು ಶುರುವಾಯಿತು. ಬೆವರು, ತಲೆ ತಿರುಗು, ತಲೆಯೊಳಗೆ ಕರೆಂಟು ಹೊಡೆದ ಹಾಗೆ ಚುಳುಚುಳು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಬಂಧುಗಳೊಬ್ಬರು ‘ಇದು ತಲೆ ಕೆಟ್ಟ ಲಕ್ಷಣ’ ಎಂದೂ ಹೇಳಿಬಿಟ್ಟರು. ಕೊನೆಗೆ ಮಗಳು ರಜೆ ಹಾಕಿ ಬಂದು ಜಿಲ್ಲಾ ಕೇಂದ್ರದ ಮನೋವೈದ್ಯರಲ್ಲಿಗೆ ಕರೆದೊಯ್ದಳು. ಪುಣ್ಯಕ್ಕೆ ಅವಳು ತಿಪ್ಪೆಯಿಂದ ಖಾಲಿ ಪಟ್ಟಿಗಳನ್ನು ಆರಿಸಿ ಚೀಲದಲ್ಲಿ ತಂದಿದ್ದಳು. ‘ಎಲ್ಲವನ್ನೂ ಮೇಜಿನ ಮೇಲೆ ಸುರೀರಿ’ ಅಂದರು ಡಾಕ್ಟರು. ಇಸ್ಪೀಟು ಎಲೆ ಜೋಡಿಸಿದ ಹಾಗೆ ಜೋಡಿಸಿದರು. ಆ ಅರ್ಧ ಗಂಟೆಯಲ್ಲಿ ನಾನು ಕಲಿತದ್ದನ್ನೂ, ಆಮೇಲೆ ಕೇಳಿ, ಓದಿ ತಿಳಿದದ್ದನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಎಸ್.ಎಸ್.ಎಲ್.ಸಿ. ಓದಿದ ಗೃಹಿಣಿ, ಡಾಕ್ಟರಲ್ಲ. ನಿಮ್ಮ ಮಾತ್ರೆಯನ್ನು ಕೂಡಿಸುವುದು, ಕಳೆಯುವುದು ನಿಮ್ಮ ಡಾಕ್ಟರ ಕೆಲಸ. ಅವರನ್ನು ಏನು ಕೇಳಬೇಕು ಎಂಬುದಷ್ಟೇ ಇಲ್ಲಿ ಸಿಗುತ್ತದೆ.

ಹುದುಗು ಬೇರೆ, ಒಗ್ಗರಣೆ ಬೇರೆ

ಮನಸ್ಸಿನ ಮಾತ್ರೆಗಳಲ್ಲಿ ನಮ್ಮಂಥವರಿಗೆ ಸಾಮಾನ್ಯವಾಗಿ ಕೊಡುವವು ಎರಡು ಜಾತಿ. ಒಂದು ಖಿನ್ನತೆಯವು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್ ಇತ್ಯಾದಿ. ಹೆಸರಿಗೆ ಖಿನ್ನತೆಯವಾದರೂ ಆತಂಕಕ್ಕೂ, ಗಾಬರಿಗೂ ಇವೇ ಮುಖ್ಯ ಔಷಧಿ. ಇವು ದೋಸೆ ಹಿಟ್ಟಿನ ಹಾಗೆ. ರುಬ್ಬಿಟ್ಟ ಕೂಡಲೇ ಹುದುಗು ಬರುತ್ತದೆಯೇ? ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರವೂ ಬೇಕು. ಅದೂ ದಿನಾ ತಪ್ಪದೆ ತೆಗೆದುಕೊಂಡರೆ.

ಇನ್ನೊಂದು ಜಾತಿ ಒಗ್ಗರಣೆಯ ಹಾಗೆ, ಹಾಕಿದ ಕೂಡಲೇ ಚೊಯ್ ಅನ್ನುವುದು. ಆಲ್‌ಪ್ರಜೋಲಾಮ್, ಕ್ಲೊನಾಜಿಪಾಮ್, ಲೋರಾಜಿಪಾಮ್, ಡಯಾಜಿಪಾಮ್. ನುಂಗಿದ ಅರ್ಧ, ಒಂದು ಗಂಟೆಯಲ್ಲಿ ಎದೆಬಡಿತ ಇಳಿದು, ಕಣ್ಣೆಳೆಯುತ್ತದೆ. ಆದರೆ ಒಗ್ಗರಣೆಯಿಂದ ಹೊಟ್ಟೆ ತುಂಬುವುದಿಲ್ಲವಲ್ಲ! ಖಿನ್ನತೆಯನ್ನು ಇವು ವಾಸಿ ಮಾಡುವುದಿಲ್ಲ. ಕೆಲವು ವಾರ ದಿನವೂ ತೆಗೆದುಕೊಂಡರೆ ದೇಹ ಅದಕ್ಕೇ ಒಗ್ಗಿಹೋಗಿ, ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬ ಸ್ಥಿತಿ ಬರುತ್ತದೆ.

ಹಾಗಾದರೆ ಎರಡನ್ನೂ ಸೇರಿಸಬಾರದೇ? ಸೇರಿಸಬಹುದು, ಡಾಕ್ಟರುಗಳೇ ಸೇರಿಸಿ ಕೊಡುತ್ತಾರೆ. ಅದಕ್ಕೆ ಕಾರಣವೂ ಇದೆ. ಮೊದಲ ಜಾತಿಯ ಮಾತ್ರೆ ಕೆಲಸ ಶುರುಮಾಡುವ ಮುಂಚೆ, ಮೊದಲ ಒಂದೆರಡು ವಾರ, ಹೊಟ್ಟೆ ತೊಳಸುವುದು, ಚಡಪಡಿಕೆ, ನಿದ್ದೆಗೇಡು ಇನ್ನೂ ಹೆಚ್ಚಾಗಬಹುದು. ಆ ಹೊಳೆಯನ್ನು ದಾಟುವವರೆಗೆ ಎರಡನೆಯದು ಹರಿಗೋಲು. ಎರಡರಿಂದ ನಾಲ್ಕು ವಾರ ಕೊಟ್ಟು ಆಮೇಲೆ ನಿಧಾನವಾಗಿ ಇಳಿಸಿ ನಿಲ್ಲಿಸುವುದು ಕ್ರಮ. ತೊಂದರೆ ಎಲ್ಲಿ ಬರುತ್ತದೆಂದರೆ, ದಾಟಿದ ಮೇಲೂ ನಾವು ಹರಿಗೋಲನ್ನು ತಲೆ ಮೇಲೆ ಹೊತ್ತುಕೊಂಡೇ ತಿರುಗುತ್ತೇವೆ. ಅದೇ ಹಳೇ ಚೀಟಿ ಹಿಡಿದು ವರ್ಷಗಟ್ಟಲೆ ಅಂಗಡಿಗೆ ಹೋಗುವವರನ್ನು ನಾನು ಬಲ್ಲೆ.

ನನ್ನ ವಿಷಯದಲ್ಲಿ ಆದದ್ದು ಕೇಳಿ. ಮೊದಲ ಡಾಕ್ಟರು ಕೊಟ್ಟದ್ದು ಒಂದೇ ಮಾತ್ರೆಯಾದರೂ ಅದರೊಳಗೆ ಎರಡು ಔಷಧಿ ಇದ್ದವು: ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ, ಕ್ಲೊನಾಜಿಪಾಮ್ 0.5 ಮಿಲಿಗ್ರಾಂ. ಇಂಥ ಜೋಡಿ ಮಾತ್ರೆ ನಮ್ಮ ದೇಶದಲ್ಲಿ ಹತ್ತಾರು ಹೆಸರಿನಲ್ಲಿ ಮಾರಾಟವಾಗುತ್ತದೆ. ತಂಗಿಯ ಊರಿನ ಡಾಕ್ಟರು ನಿದ್ದೆಗೆ ಕೊಟ್ಟದ್ದೂ ಕ್ಲೊನಾಜಿಪಾಮೇ! ಕಂಪನಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ನಾನು ಎರಡು ಪಟ್ಟು ನುಂಗುತ್ತಿದ್ದೆ. ತಲೆಶೂಲೆಗೆ ಕೊಟ್ಟದ್ದು ಅಮಿಟ್ರಿಪ್ಟಿಲಿನ್. ಅದು ಹಳೆಯ ಕಾಲದ ಖಿನ್ನತೆಯ ಮಾತ್ರೆಯೇ, ಸಣ್ಣ ಪ್ರಮಾಣದಲ್ಲಿ ತಲೆಶೂಲೆಗೂ ನರದ ನೋವಿಗೂ ಕೊಡುತ್ತಾರೆ. ಅದೂ ನಿದ್ದೆ ತರುವಂಥದ್ದು. ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್, ಅದಂತೂ ತೂಕಡಿಕೆಗೆ ಹೆಸರುವಾಸಿ. ಒಂದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ. ನಾಲ್ಕೂ ಸೇರಿ ಹಾಲು ಸೀದಿತು.

ಆದ್ದರಿಂದ ಮೊದಲನೆಯ ಮಾತು. ಮಾತ್ರೆಯ ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ. ಅದರ ಹತ್ತಿರವೇ ನಿಜವಾದ ಔಷಧಿಯ ಹೆಸರೂ ಇರುತ್ತದೆ. ಕನ್ನಡಕ ಹಾಕಿಕೊಂಡು ಆ ನಿಜವಾದ ಹೆಸರು ಓದಿ. ಇಂಗ್ಲಿಷ್ ಬರದಿದ್ದರೆ ಮಕ್ಕಳಿಂದ ಓದಿಸಿ. ಒಂದೇ ಹೆಸರು ಎರಡು ಪಟ್ಟಿಯಲ್ಲಿ ಕಂಡರೆ ಅವತ್ತೇ ಡಾಕ್ಟರನ್ನು ಕೇಳಿ.

ಯಾವುದರ ಜೊತೆ ಜೋಕೆ?

ಒಗ್ಗರಣೆ ಜಾತಿಯ ಮಾತ್ರೆಯ ಜೊತೆಗೆ ಎಲ್ಲಕ್ಕಿಂತ ಅಪಾಯವಾದದ್ದು ಮದ್ಯ. ನಮ್ಮಲ್ಲಿ ಹೆಂಗಸರಿಗಿಂತ ಗಂಡಸರಿಗೆ ಈ ಮಾತು ಹೆಚ್ಚು ಬೇಕು. ‘ನಿದ್ದೆ ಬರ್ತಿಲ್ಲ’ ಅಂತ ಹೆಂಡತಿಯ ಡಬ್ಬಿಯಿಂದ ಒಂದು ಮಾತ್ರೆ ತೆಗೆದು, ಮೊದಲೇ ಕುಡಿದಿರುವ ಹೊಟ್ಟೆಗೆ ಹಾಕಿಕೊಂಡರೆ ಉಸಿರಾಟವೇ ಮಂದವಾಗಬಹುದು. ಅದೇ ಅಪಾಯ ಟ್ರಮಡಾಲ್ ಎಂಬ ನೋವಿನ ಮಾತ್ರೆಯಲ್ಲೂ, ಕೊಡೀನ್ ಇರುವ ಕೆಮ್ಮಿನ ಸಿರಪ್ಪಿನಲ್ಲೂ ಇದೆ. ಕೆಲವು ಬೂಷ್ಟಿನ ಔಷಧಿಗಳು, ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್‌ನಂಥ ಆಂಟಿಬಯೊಟಿಕ್‌ಗಳು ಆಲ್‌ಪ್ರಜೋಲಾಮ್ ದೇಹದಿಂದ ಹೊರಗೆ ಹೋಗದ ಹಾಗೆ ತಡೆಯುತ್ತವೆ. ಹಾಗಾಗಿ ಗಜಕರ್ಣಕ್ಕೋ, ಬಿಳಿ ಸೆರಗಿಗೋ, ಗಂಟಲು ನೋವಿಗೋ ಹೋದಾಗಲೂ ‘ನಾನು ಇಂಥ ಮಾತ್ರೆ ತೆಗೆದುಕೊಳ್ತಿದ್ದೇನೆ’ ಎಂದು ಬಾಯಿ ಬಿಟ್ಟು ಹೇಳಬೇಕು.

ಹುದುಗಿನ ಜಾತಿಯ ಜೊತೆ ಹೆದರಬೇಕಾದ್ದು ಬೇರೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ಒಂದು ರಾಸಾಯನಿಕ ಇದೆ. ಈ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ. ಅದನ್ನೇ ಹೆಚ್ಚಿಸುವ ಇನ್ನೊಂದು ಔಷಧಿ ಗೊತ್ತಿಲ್ಲದೆ ಸೇರಿಕೊಂಡರೆ ಅತಿಯಾಗಿಬಿಡುತ್ತದೆ. ಆಗ ಮೈ ನಡುಕ, ವಿಪರೀತ ಬೆವರು, ಭೇದಿ, ಎದೆಬಡಿತ, ತಳಮಳ, ಕೈಕಾಲು ಬಿಗಿಯುವುದು, ಜ್ವರ ಬರುತ್ತವೆ. ಹೊಸ ಮಾತ್ರೆ ಸೇರಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಒಂದು ದಿನದೊಳಗೇ ಇವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು. ಕಷಾಯ ಮಾಡಿಕೊಂಡು ಕೂರುವ ಜ್ವರ ಅದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೀಗೆ ಮಾಡಬಲ್ಲವು ಯಾವುವೆಂದರೆ: ಮತ್ತೆ ಅದೇ ಟ್ರಮಡಾಲ್ (ಅದು ಫಿಟ್ಸ್ ಬರುವ ಸಂಭವವನ್ನೂ ಹೆಚ್ಚಿಸುತ್ತದೆ), ಒಣಕೆಮ್ಮಿನ ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್, ಲಿನೆಝೋಲಿಡ್ ಎಂಬ ಆಂಟಿಬಯೊಟಿಕ್, ಮತ್ತು ಇನ್ನೊಂದು ಖಿನ್ನತೆಯ ಮಾತ್ರೆ. ಫ್ಲುವಾಕ್ಸೆಟಿನ್, ಪ್ಯಾರಾಕ್ಸೆಟಿನ್ ಎರಡೂ ಅಮಿಟ್ರಿಪ್ಟಿಲಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತವೆ. ಎರಡು ಖಿನ್ನತೆಯ ಮಾತ್ರೆಗಳನ್ನು ಮನೋವೈದ್ಯರು ಬೇಕೆಂದೇ ಸೇರಿಸುವುದುಂಟು, ಅದು ಲೆಕ್ಕಾಚಾರದ ಮೇಲೆ. ಆಕಸ್ಮಿಕವಾಗಿ ಸೇರುವುದು ಬೇರೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಯಿತು. ಖಿನ್ನತೆಗೆ ಔಷಧಿ ಸಿಕ್ಕಿದ್ದೇ ಆಕಸ್ಮಿಕವಾಗಿ. 1952ರ ಸುಮಾರಿನಲ್ಲಿ ನ್ಯೂಯಾರ್ಕಿನ ಒಂದು ಕ್ಷಯರೋಗದ ಆಸ್ಪತ್ರೆಯಲ್ಲಿ ಇಪ್ರೊನಯಜಿಡ್ ಎಂಬ ಹೊಸ ಔಷಧಿ ಕೊಟ್ಟರೆ, ಹಾಸಿಗೆ ಹಿಡಿದಿದ್ದ ರೋಗಿಗಳು ಎದ್ದು ಗೆಲುವಾಗಿ ಓಡಾಡತೊಡಗಿದರಂತೆ. ಆ ಜಾತಿಯ ಮಾತ್ರೆ ತಿಂದವರು ಹಳೆಯ ಚೀಸ್ ತಿಂದರೆ ರಕ್ತದೊತ್ತಡ ಒಮ್ಮೆಲೇ ಏರಿ ಪ್ರಾಣಕ್ಕೇ ಸಂಚಕಾರ ಬರುತ್ತದೆಂದು ತಿಳಿದದ್ದು 1960ರ ದಶಕದಲ್ಲಿ. ಈಗ ಆ ಮಾತ್ರೆಗಳ ಬಳಕೆ ಬಹಳ ಕಡಿಮೆ. ಬಳಸುವಾಗಲೂ ಬೇರೆ ಖಿನ್ನತೆಯ ಮಾತ್ರೆಗೂ ಅದಕ್ಕೂ ಮಧ್ಯೆ 14 ದಿನ, ಫ್ಲುವಾಕ್ಸೆಟಿನ್ ಬಿಟ್ಟ ಮೇಲಾದರೆ 5 ವಾರ ಅಂತರ ಬಿಡುತ್ತಾರೆ. ಒಂದು ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಒಳಗೆ ಎಷ್ಟು ದಿನ ಇರುತ್ತದೆ ನೋಡಿ!

ಮೊಣಕಾಲು ನೋವಿಗೆ ನಾವು ಧಾರಾಳವಾಗಿ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್, ಹೃದಯಕ್ಕೆಂದು ಕೊಡುವ ಆಸ್ಪಿರಿನ್ ಇವುಗಳ ಜೊತೆ ಹುದುಗಿನ ಜಾತಿಯ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಒಸರುವ ಸಂಭವ ಹೆಚ್ಚು. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಕಾಯಬೇಡಿ. ಸಾಮಾನ್ಯ ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಆಸ್ಪಿರಿನ್ ಮಾತ್ರ ನೀವಾಗಿ ಬಿಡಬೇಡಿ.

ಮನೆಯಲ್ಲಿ ಅತ್ತೆ, ತಾಯಿ ವಯಸ್ಸಾದವರಿದ್ದರೆ ಇನ್ನೂ ಎರಡು ಮಾತು. ಖಿನ್ನತೆಯ ಮಾತ್ರೆ ವಯಸ್ಸಾದವರಲ್ಲಿ ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಸಬಹುದು. ಬಿ.ಪಿ.ಗೆ ಮೂತ್ರ ಹೋಗುವ ಮಾತ್ರೆಯೂ ಇದ್ದರೆ ಇಳಿಯುವುದು ಜಾಸ್ತಿ. ‘ಅಜ್ಜಿಗೆ ಅರಳುಮರಳು’ ಎಂದು ನಾವು ನಗುವ ತಬ್ಬಿಬ್ಬು, ಸುಸ್ತು, ವಾಕರಿಕೆ ಅದೇ ಇದ್ದೀತು. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಎರಡನೆಯದು ಬೀಳುವುದು. ನಿದ್ದೆ ಮಾತ್ರೆ ತೆಗೆದುಕೊಂಡ ಮುದುಕರು ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದು ಎಷ್ಟು ಮನೆಯಲ್ಲಿ ನೋಡಿಲ್ಲ?

ಎದೆ ನಡುಕಕ್ಕೆಂದು ಪ್ರೊಪ್ರನಲಾಲ್ ಕೊಡುವುದುಂಟು. ಉಬ್ಬಸ ಇರುವವರಿಗೆ ಅದು ಆಗದು. ಸ್ತನದ ಕ್ಯಾನ್ಸರಿಗೆ ಚಿಕಿತ್ಸೆಯಾಗಿ ಟಮಾಕ್ಸಿಫೆನ್ ಮಾತ್ರೆಯಲ್ಲಿರುವ ಸೋದರಿಯರು ಇದನ್ನು ಅವಶ್ಯ ಗಮನಿಸಬೇಕು: ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್ ಎರಡೂ ಟಮಾಕ್ಸಿಫೆನ್ನಿನ ಶಕ್ತಿಯನ್ನು ಕುಂದಿಸುತ್ತವೆ. ಬೇರೆ ಮಾತ್ರೆಗಳಿವೆ, ಇಬ್ಬರೂ ಡಾಕ್ಟರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ಮನೆಮದ್ದಿನ ವಿಷಯ ಹೇಳದಿದ್ದರೆ ನೀವು ಬಿಡುತ್ತೀರಾ? ಒಂದೆಲಗದ ತಂಬುಳಿ ಊಟಕ್ಕೆ ಮಾಡಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ರಾತ್ರಿ ಹಾಲಿಗೆ ಜಾಯಿಕಾಯಿ ಚಿಟಿಕೆಯಷ್ಟೇ ತೇಯಬೇಕು. ಹೆಚ್ಚಾದರೆ ಅದೇ ವಿಷ. ಅಶ್ವಗಂಧ ನಿದ್ದೆಯ ಮಾತ್ರೆಯ ಮಂಪರನ್ನು ಹೆಚ್ಚಿಸಬಹುದು, ಥೈರಾಯ್ಡ್ ಇದ್ದವರಿಗೂ ಅದು ಕೇಳಿ ತೆಗೆದುಕೊಳ್ಳಬೇಕಾದ್ದು. ಸರ್ಪಗಂಧದ ವಿಷಯದಲ್ಲಂತೂ ಎಚ್ಚರ. ಅದರಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಎಂಬ ವಸ್ತು ರಕ್ತದೊತ್ತಡಕ್ಕೆ ಹೆಸರಾಯಿತು, ಆದರೆ ಕೆಲವರಲ್ಲಿ ಖಿನ್ನತೆ ತರುತ್ತದೆಂದು ವೈದ್ಯರು ಎಚ್ಚರಿಸಿದ್ದಾರೆ. ‘ನಾರುಬೇರು ತಾನೇ, ಏನಾಗುತ್ತೆ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಫೀಮೂ ಗಿಡದಿಂದಲೇ ಬರುವುದು.

ಹಾಲಿನ ಲೆಕ್ಕದ ಪುಸ್ತಕದ ಹಿಂಭಾಗ

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಎಲ್ಲ ಮಾತ್ರೆಗಳ ನಿಜ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾರು ಕೊಟ್ಟರು, ಯಾವ ತಾರೀಖಿನಿಂದ, ಬರೆದಿಟ್ಟಿದ್ದೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಆ ಪುಸ್ತಕ ಚೀಲದಲ್ಲಿರುತ್ತದೆ. ಪುಸ್ತಕ ಮರೆತರೆ ಮಾತ್ರೆಗಳನ್ನೇ ತೆಗೆದುಕೊಂಡು ಹೋಗುತ್ತೇನೆ. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳುತ್ತೇನೆ. ಆ ಅಂಗಡಿಯವರು ಈಗ ‘ಅಮ್ಮಾ, ಈ ಕೆಮ್ಮಿನ ಸಿರಪ್ ನಿಮಗೆ ಬೇಡ’ ಎಂದು ಅವರೇ ಹೇಳುತ್ತಾರೆ. ಆಲ್‌ಪ್ರಜೋಲಾಮ್, ಡಯಾಜಿಪಾಮ್, ಟ್ರಮಡಾಲ್ ಮೊದಲಾದವನ್ನು 2013ರಲ್ಲಿ ಸರ್ಕಾರ ಎಚ್1 ಎಂಬ ಪಟ್ಟಿಗೆ ಸೇರಿಸಿದೆ. ಅವನ್ನು ಚೀಟಿ ಇಲ್ಲದೆ ಕೊಡುವ ಹಾಗಿಲ್ಲ, ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಕೇಳದೆ ಕೊಡುವವನ ಅಂಗಡಿಗೆ ಹೋಗುವುದನ್ನೇ ಬಿಡಿ.

ನನ್ನ ಕ್ಲೊನಾಜಿಪಾಮನ್ನು ಡಾಕ್ಟರು ಬಿಡಿಸಿದ ರೀತಿ ನೋಡಿ. ತಿಪ್ಪೆಗೆ ಎಸೆದಿದ್ದನ್ನು ಮತ್ತೆ ಶುರುಮಾಡಿಸಿದರು! ಅದೂ ಒಂದೇ ಪಾಲು. ಆಮೇಲೆ ಕೆಲವು ವಾರಕ್ಕೊಮ್ಮೆ ಕಾಲು ಮಾತ್ರೆಯಷ್ಟು ಕಡಿಮೆ ಮಾಡುತ್ತ ಎರಡೂವರೆ ತಿಂಗಳಲ್ಲಿ ನಿಲ್ಲಿಸಿದರು. ಬಹಳ ದಿನ ತೆಗೆದುಕೊಂಡವರು ಇದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸೂ ಬರಬಹುದಂತೆ. ನನಗೆ ನಡುಕದಲ್ಲೇ ಹೋಯಿತು. ಅಮಿಟ್ರಿಪ್ಟಿಲಿನ್ ಬೇಡವೆಂದರು. ಎಸ್ಸಿಟಲೋಪ್ರಾಮ್ ಮಾತ್ರ ಮುಂದುವರಿಸಿ, ಪೂರ್ತಿ ಗೆಲುವಾದ ಮೇಲೂ ತಿಂಗಳುಗಟ್ಟಲೆ ಕೊಟ್ಟು, ಹಾಗೆಯೇ ಮೆಲ್ಲಗೆ ಇಳಿಸಿದರು. ಎಲ್ಲ ಚೆನ್ನಾಗಿದೆ ಎನಿಸಿದ ಕೂಡಲೇ ಬಿಟ್ಟರೆ ಕಾಯಿಲೆ ಮರುಕಳಿಸುವುದೇ ಹೆಚ್ಚು ಎಂದರು. ಇಬ್ಬರು ಕುಳಿತು ಮಾತನಾಡುವ ಚಿಕಿತ್ಸೆಯೂ ನಡೆಯಿತು. ಅಮ್ಮನ ವಿಷಯ ಅತ್ತು ಹೇಳಿಕೊಂಡದ್ದು ಅಲ್ಲಿಯೇ.

ಒಂದು ಹೊತ್ತಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ. ಬಸುರಿಯಾದೆನೆಂದು ತಿಳಿದ ಕೂಡಲೇ ಹೆದರಿ ನಿಲ್ಲಿಸಬೇಡಿ, ಅವತ್ತೇ ಡಾಕ್ಟರನ್ನು ಕೇಳಿ. ಮೊಲೆಯೂಡಿಸುವ ತಾಯಂದಿರಿಗೆ ಒಗ್ಗುವ ಮಾತ್ರೆಗಳೂ ಇವೆ. ನಿಮ್ಮ ಮಾತ್ರೆಯನ್ನು ಅಕ್ಕತಂಗಿಗೆ, ವಾರಗಿತ್ತಿಗೆ ಹಂಚಬೇಡಿ, ಅದು ಉಪ್ಪಿನಕಾಯಿಯಲ್ಲ. ಮೊದಲ ವಾರಗಳಲ್ಲಿ, ಅದರಲ್ಲೂ ಇಪ್ಪತ್ತೈದರ ಒಳಗಿನ ಮಕ್ಕಳಲ್ಲಿ, ಸಾಯಬೇಕೆನ್ನುವ ಯೋಚನೆ ಹೆಚ್ಚಾಗುವುದುಂಟು. ಮನೆಯವರು ಹತ್ತಿರವೇ ಇರಬೇಕು, ಮಾತ್ರೆಯ ಡಬ್ಬಿ ಬೀರುವಿನಲ್ಲಿ ಬೀಗದ ಒಳಗಿರಬೇಕು, ಅಂಥ ಮಾತು ಬಾಯಿಗೆ ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಬೇಕು.

‘ನಮ್ಮೂರಲ್ಲಿ ಮನೋವೈದ್ಯರೆಲ್ಲಿ?’ ಎನ್ನುತ್ತೀರಿ. 14416 ಎಂಬ ನಂಬರಿಗೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಇಡೀ ದೇಶಕ್ಕೆ ಆ ಕಾರ್ಯಕ್ರಮದ ಮಾದರಿ ಹೋದದ್ದು ನಮ್ಮ ಬಳ್ಳಾರಿಯಿಂದ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಅಲ್ಲಿ ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ಈ ಕಾಯಿಲೆಗಳ ಚಿಕಿತ್ಸೆ ಕಲಿಸಿ ತೋರಿಸಿದರು. ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಇದೆ.

ಇನ್ನೊಂದು. ಏಕಾದಶಿ, ಸಂಕಷ್ಟಿ, ಶ್ರಾವಣ ಶನಿವಾರದ ಉಪವಾಸದ ದಿನ ಮಾತ್ರೆ ಏನು ಮಾಡುವುದೆಂದು ನನ್ನನ್ನು ಇಬ್ಬರು ಕೇಳಿದ್ದಾರೆ. ನಾನೂ ಡಾಕ್ಟರನ್ನು ಅದನ್ನೇ ಕೇಳಿದ್ದೆ. ಎಸ್ಸಿಟಲೋಪ್ರಾಮನ್ನು ಊಟವಿದ್ದರೂ ಇಲ್ಲದಿದ್ದರೂ ತೆಗೆದುಕೊಳ್ಳಬಹುದು, ಬರಿಯ ನೀರಿನ ಜೊತೆ ನುಂಗಿ ಎಂದರು. ಉಪವಾಸದ ದಿನ ಮಾತ್ರೆ ತಪ್ಪಿಸಬೇಡಿ. ನಾನು ಸಂಕಷ್ಟಿಯಂದು ಚಂದ್ರ ಕಾಣುವವರೆಗೂ ಕಾಯುತ್ತಿದ್ದೆ, ಮಾತ್ರೆಯನ್ನು ಮಾತ್ರ ಎಂದಿನ ಹಾಗೆ ಒಂಬತ್ತು ಗಂಟೆಗೇ ತೆಗೆದುಕೊಳ್ಳುತ್ತಿದ್ದೆ.